ಆ 'ನಾಲ್ಕು ಜನ' ಯಾರು?

ನಮ್ಮ ಅಪಾರ್ಟ್‌ಮೆಂಟಿನ ಗೇಟಿನ ಪಕ್ಕ ಒಂದು ಕಲ್ಲುಬೆಂಚು ಇತ್ತು. ಎರಡು ಕಲ್ಲಿನ ಕಾಲು, ಮೇಲೊಂದು ಚಪ್ಪಡಿ, ಅಷ್ಟೇ. ಬೆಳಿಗ್ಗೆ ಹಾಲಿನ ಹುಡುಗ ಅದರ ಮೇಲೆ ಕ್ರೇಟ್ ಇಳಿಸುತ್ತಿದ್ದ. ಸಂಜೆ ಮೂರನೇ ಮಹಡಿಯ ಆಂಟಿ ವಾಕಿಂಗ್ ಮುಗಿಸಿ ಬಂದು ಕೂರುತ್ತಿದ್ದರು. ರಾತ್ರಿ ವಾಚ್‌ಮನ್ ಕೂರುತ್ತಿದ್ದರು.

ಒಂದು ಭಾನುವಾರ ಪಾರ್ಕಿಂಗ್ ಜಾಗದಲ್ಲಿ ಅಸೋಸಿಯೇಷನ್ ಮೀಟಿಂಗ್ ನಡೆಯಿತು. "ಆ ಬೆಂಚಲ್ಲಿ ಹೊರಗಿನವರೆಲ್ಲ ಬಂದು ಕೂರ್ತಾರೆ, ತೆಗೆಸಿಬಿಡೋಣ" ಅಂದರು ಒಬ್ಬರು. "ಒಪ್ಪಿಗೆ ಇರೋರು ಕೈ ಎತ್ತಿ" ಅಂದರು ಇನ್ನೊಬ್ಬರು. ಮುಂದಿನ ಸಾಲಿನಲ್ಲಿ ಒಂದು ಕೈ ಮೇಲೆ ಹೋಯಿತು. ಪಕ್ಕದಲ್ಲಿ ಎರಡನೇದು. ಆಮೇಲೆ ಮೂರನೇದು. ನೋಡನೋಡುತ್ತ ನನ್ನ ಕೈಯೂ ಮೇಲೆ ಹೋಯಿತು. ನನಗೆ ಬೆಂಚು ಇರಲಿ ಅಂತಲೇ ಇತ್ತು!

ಮೀಟಿಂಗ್ ಮುಗಿಸಿ ಲಿಫ್ಟ್ ಹತ್ತಿದೆವು. "ಅಲ್ಲಾ, ಆ ಬೆಂಚು ಪಾಪ ಯಾರಿಗೇನು ಮಾಡಿತ್ತು?" ಅಂದರು ಒಬ್ಬರು. "ನಂಗೂ ಹಾಗೇ ಅನ್ನಿಸ್ತು ಕಣ್ರೀ" ಅಂದರು ಇನ್ನೊಬ್ಬರು. ಲಿಫ್ಟಿನಲ್ಲಿ ಇದ್ದದ್ದು ನಾಲ್ಕು ಜನ. ನಾಲ್ವರಿಗೂ ಬೆಂಚು ಬೇಕಿತ್ತು. ನಾಲ್ವರೂ ತೆಗೆಸಿ ಅಂತ ಕೈ ಎತ್ತಿದ್ದೆವು.

ಇಂಥದ್ದು ನಿಮಗೂ ಆಗಿರುತ್ತದೆ. ಮದುವೆ ಮಾತುಕತೆಯಲ್ಲಿ, ಆಫೀಸಿನಲ್ಲಿ, ಸ್ಕೂಲಿನ ಪೇರೆಂಟ್ಸ್ ಗ್ರೂಪಿನಲ್ಲಿ. ಮನಸ್ಸಿನಲ್ಲಿ ಒಂದು, ಬಾಯಲ್ಲಿ ಇನ್ನೊಂದು. ಇದನ್ನು ಹೇಡಿತನ ಅಂತಲೋ ನಾಟಕ ಅಂತಲೋ ಕರೆದು ಸುಮ್ಮನಾಗಬಹುದು. ಆದರೆ ಮನಶ್ಶಾಸ್ತ್ರದವರು ಇದನ್ನು ತೊಂಬತ್ತು ವರ್ಷಗಳಿಂದ ಅಳೆದು ನೋಡುತ್ತಿದ್ದಾರೆ. ಅವರು ಕಂಡದ್ದು ಬೈಗುಳಕ್ಕಿಂತ ಸ್ವಾರಸ್ಯವಾಗಿದೆ.

ಮೊದಲು ಎರಡು ಮಾತು ಬಿಡಿಸಿಕೊಳ್ಳೋಣ

ಅಭಿಪ್ರಾಯ ಅಂದಾಗ ನಾವು ಎರಡು ಬೇರೆ ಸಂಗತಿಗಳನ್ನು ಒಂದೇ ಮಾಡಿಬಿಡುತ್ತೇವೆ. ಒಂದು, ಒಳಗೆ ಅನ್ನಿಸುವುದು. ಇನ್ನೊಂದು, ಹೊರಗೆ ಹೇಳುವುದು. ಒಬ್ಬರೇ ಕೂತಾಗ ಇವೆರಡೂ ಹೆಚ್ಚುಕಡಿಮೆ ಒಂದೇ. ಸುತ್ತ ಜನ ಸೇರಿದಂತೆ ಇವುಗಳ ನಡುವೆ ಜಾಗ ಬಿಡುತ್ತಾ ಹೋಗುತ್ತದೆ.

ಸುತ್ತಲಿನವರ ಮಾತು ಅಥವಾ ನಡತೆ ನೋಡಿ ನಮ್ಮದನ್ನು ಬದಲಿಸಿಕೊಳ್ಳುವುದಕ್ಕೆ ಮನಶ್ಶಾಸ್ತ್ರದಲ್ಲಿ ಕನ್ಫಾರ್ಮಿಟಿ ಅನ್ನುತ್ತಾರೆ. ನಮ್ಮ ಮಾತಿನಲ್ಲಿ 'ಹತ್ತರ ಜೊತೆ ಹನ್ನೊಂದು'. ಯಾರೂ ಆಜ್ಞೆ ಮಾಡಿರಬೇಕಿಲ್ಲ. ಬಾಸ್ ಹೇಳಿದರೆಂದು ಮಾಡುವುದು ವಿಧೇಯತೆ. ಪಕ್ಕದವರು ಮಾಡಿದರೆಂದು ಮಾಡುವುದು ಇದು. ನಮ್ಮ ಮೀಟಿಂಗಿನಲ್ಲಿ ಯಾರೂ ಕಣ್ಣು ಕೆಂಪಗೆ ಮಾಡಿರಲಿಲ್ಲ. ಮೂರು ಕೈ ಮೇಲೆ ಹೋದವು, ಅಷ್ಟೇ.

ಗೆರೆ ಅಳೆಯುವ ಆಟ

ಇದನ್ನು ಅಳೆದವರಲ್ಲಿ ದೊಡ್ಡ ಹೆಸರು ಸೊಲೊಮನ್ ಆ್ಯಶ್. 1907ರಲ್ಲಿ ವಾರ್ಸಾದಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಮನೆಯವರೊಂದಿಗೆ ನ್ಯೂಯಾರ್ಕಿಗೆ ಬಂದವರು. ಅವರು ಹೇಳಿಕೊಂಡ ಒಂದು ಬಾಲ್ಯದ ನೆನಪಿದೆ. ಪೋಲೆಂಡಿನಲ್ಲಿ, ಯಹೂದಿಗಳ ಪಾಸೋವರ್ ಹಬ್ಬದ ರಾತ್ರಿ. ಹುಡುಗನಿಗೆ ಆಗ ಏಳು ವರ್ಷ. ಅಜ್ಜಿ ಒಂದು ಲೋಟ ವೈನ್ ಹೆಚ್ಚಿಗೆ ಸುರಿದರು. ಅದು ಯಾರಿಗೆ ಅಂದರೆ ಪ್ರವಾದಿ ಎಲೈಜನಿಗೆ. "ನಿಜವಾಗ್ಲೂ ಬಂದು ಕುಡೀತಾನಾ?" ಅಂತ ಹುಡುಗ ಕೇಳಿದ. "ಓ, ಕುಡೀತಾನೆ. ಲೋಟ ನೋಡ್ತಾ ಇರು" ಅಂದರು ಸೋದರಮಾವ. ಹುಡುಗ ಕಣ್ಣು ಮಿಟುಕಿಸದೆ ನೋಡಿದ. ವೈನ್ ಒಂದು ಚೂರು ಕೆಳಗಿಳಿದ ಹಾಗೆ ಅವನಿಗೆ ಕಂಡಿತು.

ಇದೇ ಹುಡುಗ ದೊಡ್ಡವನಾಗಿ, 1950ರ ದಶಕದಲ್ಲಿ, ಅಮೆರಿಕದ ಸ್ವಾರ್ತ್‌ಮೋರ್ ಕಾಲೇಜಿನಲ್ಲಿ ಪಾಠ ಹೇಳುತ್ತ ಒಂದು ಪ್ರಯೋಗ ಮಾಡಿದ. ಪ್ರಯೋಗ ಎಷ್ಟು ಸರಳ ಅಂದರೆ ನಿಮ್ಮ ಮನೆಯ ಹಾಲಿನಲ್ಲೇ ಮಾಡಬಹುದು. ಒಂದು ಕಾರ್ಡಿನ ಮೇಲೆ ಒಂದು ಗೆರೆ. ಇನ್ನೊಂದು ಕಾರ್ಡಿನ ಮೇಲೆ ಮೂರು ಗೆರೆ. ಮೂರರಲ್ಲಿ ಯಾವುದು ಮೊದಲ ಗೆರೆಯಷ್ಟೇ ಉದ್ದ ಇದೆ ಅಂತ ಹೇಳಬೇಕು. ವ್ಯತ್ಯಾಸ ಎದ್ದು ಕಾಣುವಂತಿತ್ತು. ಒಬ್ಬರೇ ಕೂತು ನೋಡಿದವರು ನೂರಕ್ಕೆ ಒಂದು ಸಲವೂ ತಪ್ಪುತ್ತಿರಲಿಲ್ಲ.

ಆ್ಯಶ್ ಏಳರಿಂದ ಒಂಬತ್ತು ಹುಡುಗರನ್ನು ಸಾಲಾಗಿ ಕೂರಿಸಿದರು. ಒಬ್ಬೊಬ್ಬರಾಗಿ ಜೋರಾಗಿ ಉತ್ತರ ಹೇಳಬೇಕು. ಅವರಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಆ್ಯಶ್ ಕಡೆಯವರು. ಆ ಒಬ್ಬನಿಗೆ ಇದು ಗೊತ್ತಿಲ್ಲ. ಅವನಿಗೆ ಸರದಿ ಬರುವುದೂ ಕೊನೆಯ ಹೊತ್ತಿಗೆ. ಮೊದಲೆರಡು ಸುತ್ತು ಎಲ್ಲರೂ ಸರಿಯಾಗಿ ಹೇಳಿದರು. ಮೂರನೇ ಸುತ್ತಿನಲ್ಲಿ ಮೊದಲನೆಯವನು ಕಣ್ಣಿಗೆ ಹೊಡೆಯುವಂಥ ತಪ್ಪು ಉತ್ತರ ಹೇಳಿದ. ಎರಡನೆಯವನೂ ಅದೇ ಹೇಳಿದ. ಮೂರನೆಯವನೂ ಅದೇ. ಒಟ್ಟು 18 ಸುತ್ತಿನಲ್ಲಿ 12 ಸಲ ಹೀಗೆ ಮಾಡಿಸಿದರು.

ಪಾಪ, ಆ ಹುಡುಗನ ಪರಿಸ್ಥಿತಿ ಊಹಿಸಿಕೊಳ್ಳಿ. ಕಣ್ಣ ಮುಂದೆ ಗೆರೆ ಇದೆ. ಕಿವಿಯಲ್ಲಿ ಆರೇಳು ಜನರ ಧ್ವನಿ ಇದೆ. ಕೆಲವರು ಕಣ್ಣು ಕಿರಿದು ಮಾಡಿ ಮತ್ತೆ ಕಾರ್ಡ್ ನೋಡಿದರು, ಕುರ್ಚಿಯಲ್ಲಿ ಮಿಸುಕಾಡಿದರು, ಪೆಚ್ಚಾಗಿ ನಕ್ಕರು.

ಹೀಗೆ 123 ಹುಡುಗರನ್ನು ಪರೀಕ್ಷೆ ಮಾಡಿದಾಗ, ಒತ್ತಡದ ಸುತ್ತುಗಳಲ್ಲಿ ಕೊಟ್ಟ ಉತ್ತರಗಳಲ್ಲಿ ನೂರಕ್ಕೆ 36.8 ತಪ್ಪಾಗಿದ್ದವು. ಸುಮಾರು ಮುಕ್ಕಾಲು ಪಾಲು ಹುಡುಗರು ಒಂದು ಸಲವಾದರೂ ಗುಂಪಿನ ಜೊತೆ ಹೋಗಿದ್ದರು. ಕಾಲು ಪಾಲು ಹುಡುಗರು ಒಮ್ಮೆಯೂ ಬಗ್ಗಲಿಲ್ಲ.

ಆಮೇಲೆ ಆ್ಯಶ್ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಯಾಕಪ್ಪಾ ಹಾಗೆ ಹೇಳಿದೆ ಅಂತ ಕೇಳಿದರು. ಕೆಲವರಿಗೆ ತಮ್ಮ ಕಣ್ಣಿನ ಮೇಲೇ ಅನುಮಾನ ಬಂದಿತ್ತು. ಕೆಲವರು ನಿಮ್ಮ ಪ್ರಯೋಗ ಕೆಡಬಾರದು ಅಂತ ಒಪ್ಪಿಕೊಂಡೆ ಅಂದರು. ನನಗೆ ಹಿಡಿಸಿದ್ದು ಮೂರನೇ ಥರದವರ ಮಾತು. ಮೊದಲನೆಯವನು ತಪ್ಪು ಹೇಳಿದ, ಉಳಿದವರು ಕುರಿಗಳ ಹಾಗೆ ಅವನ ಹಿಂದೆ ಹೋದರು ಅಂತ ಇವರಿಗೆ ಅನುಮಾನ ಬಂದಿತ್ತು. ಆದರೂ ತಮ್ಮ ಸರದಿ ಬಂದಾಗ ಇವರೂ ಅದೇ ತಪ್ಪು ಉತ್ತರ ಹೇಳಿದ್ದರು.

ನಾಲ್ಕು ಜನ ಅಂದರೆ ನಾಲ್ಕೇ

ನಮ್ಮ ಮನೆಗಳಲ್ಲಿ ಒಂದು ಮಾತಿದೆ. "ನಾಲ್ಕು ಜನ ಏನಂತಾರೆ?" ಇದನ್ನು ಕೇಳದೆ ಬೆಳೆದ ಕನ್ನಡದ ಮಗು ಇಲ್ಲ ಅಂತಲೇ ಹೇಳಬಹುದು. ಲೇಟಾಗಿ ಮನೆಗೆ ಬಂದರೆ ನಾಲ್ಕು ಜನ. ಇಂಜಿನಿಯರಿಂಗ್ ಬಿಟ್ಟು ನಾಟಕಕ್ಕೆ ಹೋಗ್ತೀನಿ ಅಂದರೆ ನಾಲ್ಕು ಜನ. ಮದುವೆಗೆ ಐನೂರು ಜನರನ್ನು ಕರೆಯುವುದು ಬೇಡ ಅಂದರಂತೂ ನಾಲ್ಕು ಜನ ಬಂದೇ ಬರುತ್ತಾರೆ. ಊರು ಅನ್ನಬಹುದಿತ್ತು, ಲೋಕ ಅನ್ನಬಹುದಿತ್ತು. ಆದರೆ ಹೆದರಿಸುವುದಕ್ಕೆ ಇಷ್ಟು ಸಣ್ಣ ಸಂಖ್ಯೆ ಯಾಕೆ?

ಈ ಲೆಕ್ಕವನ್ನೂ ಆ್ಯಶ್ ಹಾಕಿ ನೋಡಿದ್ದರು. ಎದುರಿಗೆ ಒಬ್ಬನೇ ತಪ್ಪು ಉತ್ತರ ಹೇಳಿದರೆ ಹುಡುಗರು ಕ್ಯಾರೇ ಅನ್ನಲಿಲ್ಲ. ಇಬ್ಬರಾದಾಗ ತಪ್ಪು ಉತ್ತರ ನೂರಕ್ಕೆ 13.6ಕ್ಕೆ ಏರಿತು. ಮೂವರಾದಾಗ 31.8ಕ್ಕೆ ಜಿಗಿಯಿತು. ಅಲ್ಲಿಂದ ಮುಂದೆ ಎಷ್ಟು ಜನ ಸೇರಿಸಿದರೂ ದೊಡ್ಡ ವ್ಯತ್ಯಾಸ ಆಗಲಿಲ್ಲ. ಅಂದರೆ ಒಬ್ಬ ಮನುಷ್ಯನ ಬಾಯಿ ಮುಚ್ಚಿಸೋಕೆ ಇಡೀ ಊರು ಬೇಕಾಗಿಲ್ಲ. ಮೂರು ನಾಲ್ಕು ಜನ, ಒಂದೇ ಧ್ವನಿಯಲ್ಲಿ ಹೇಳಿದರೆ ಸಾಕು. ನಮ್ಮ ಅಜ್ಜಿಯಂದಿರು ಯಾವ ಕಾರ್ಡೂ ಹಿಡಿಯದೆ ಈ ಸಂಖ್ಯೆಗೆ ಹೇಗೆ ಬಂದರೋ!

ಬಗ್ಗುವುದರಲ್ಲೂ ಎರಡು ಥರ

ಗುಂಪಿನ ಜೊತೆ ಹೋಗುವುದೆಲ್ಲ ಒಂದೇ ಅಲ್ಲ. 1955ರಲ್ಲಿ ಮಾರ್ಟನ್ ಡಾಯ್ಚ್ ಮತ್ತು ಹೆರಾಲ್ಡ್ ಜೆರಾರ್ಡ್ ಅನ್ನುವ ಇಬ್ಬರು ಇದನ್ನು ಎರಡಾಗಿ ಒಡೆದರು. ಅವರ ಪಾರಿಭಾಷಿಕ ಪದ ಬಿಟ್ಟು ನಾನು ಮದುವೆ ಊಟದ ಉದಾಹರಣೆ ಕೊಡುತ್ತೇನೆ.

ಬೇರೆ ಜಿಲ್ಲೆಯ ನೆಂಟರ ಮದುವೆಗೆ ಹೋಗಿದ್ದೀರಿ. ಊಟ ಮುಗಿದಿದೆ. ಎಲೆಯನ್ನು ತಮ್ಮ ಕಡೆಗೆ ಮಡಚಬೇಕಾ, ಆಚೆಗೆ ಮಡಚಬೇಕಾ, ಅಥವಾ ಹಾಗೇ ಬಿಡಬೇಕಾ? ಗೊತ್ತಿಲ್ಲ. ಓರೆಗಣ್ಣಿನಲ್ಲಿ ಪಕ್ಕದ ಎಲೆ ನೋಡಿ ಹಾಗೇ ಮಾಡುತ್ತೀರಿ. ಇಲ್ಲಿ ನೀವು ಪಕ್ಕದವರಿಗೆ ಹೆದರಲಿಲ್ಲ. ಅವರಿಗೆ ಗೊತ್ತಿದೆ, ನಿಮಗೆ ಗೊತ್ತಿಲ್ಲ. ಅವರಿಂದ ಕಲಿತಿರಿ. ಇದು ಮೊದಲನೇ ಥರ.

ಅದೇ ಪಂಕ್ತಿಯಲ್ಲಿ ನಿಮ್ಮ ಊಟ ಬೇಗ ಮುಗಿಯಿತು ಅಂದುಕೊಳ್ಳಿ. ಬಸ್ಸಿಗೆ ಹೊತ್ತಾಗುತ್ತಿದೆ. ಎದ್ದು ಕೈ ತೊಳೆಯಬೇಕು ಅನ್ನಿಸುತ್ತಿದೆ. ಆದರೆ ಉಳಿದವರಿಗೆ ಇನ್ನೂ ಮಜ್ಜಿಗೆ ಬಂದಿಲ್ಲ, ಯಾರೂ ಎದ್ದಿಲ್ಲ. ಸುಮ್ನೆ ಎಲೆಯ ಮೇಲೆ ಬೆರಳಾಡಿಸುತ್ತ ಕೂರುತ್ತೀರಿ. ಇಲ್ಲಿ ಗೊತ್ತಿಲ್ಲದ್ದು ಏನೂ ಇಲ್ಲ. ಎದ್ದರೆ ಚೆನ್ನಾಗಿರುವುದಿಲ್ಲ ಅಂತ ಕೂತಿರಿ. ಇದು ಎರಡನೇ ಥರ.

ಮೊದಲನೇ ಥರದ್ದು ಒಳಗಿನ ಅನ್ನಿಸಿಕೆಯನ್ನೇ ಬದಲಿಸುತ್ತದೆ, ಮತ್ತು ಅದು ಉಳಿಯುತ್ತದೆ. ಇದಕ್ಕೆ ಆ್ಯಶ್‌ಗಿಂತ ಮುಂಚೆಯೇ ಒಂದು ಪುರಾವೆ ಸಿಕ್ಕಿತ್ತು. ಟರ್ಕಿಯಲ್ಲಿ ಹುಟ್ಟಿದ ಮುಜಫರ್ ಶೆರಿಫ್ 1935ರಲ್ಲಿ ಪ್ರಕಟಿಸಿದ ಪ್ರಯೋಗ ಅದು. ಪೂರ್ತಿ ಕತ್ತಲೆಯ ಕೋಣೆಯಲ್ಲಿ ಒಂದೇ ಒಂದು ಬೆಳಕಿನ ಚುಕ್ಕೆ. ಅದು ಅಲುಗಾಡುವುದೇ ಇಲ್ಲ. ಆದರೆ ಕತ್ತಲಲ್ಲಿ ಹೋಲಿಸಿ ನೋಡಲು ಬೇರೇನೂ ಇಲ್ಲದ್ದರಿಂದ ಕಣ್ಣಿಗೆ ಅಲುಗಾಡಿದಂತೆ ಕಾಣುತ್ತದೆ. ಎಷ್ಟು ಅಲುಗಿತು ಅಂತ ಒಬ್ಬೊಬ್ಬರನ್ನೇ ಕೇಳಿದರೆ ಒಬ್ಬೊಬ್ಬರದು ಒಂದೊಂದು ಲೆಕ್ಕ. ಒಟ್ಟಿಗೆ ಕೂರಿಸಿ ಕೇಳಿದರೆ ಸುತ್ತಿನಿಂದ ಸುತ್ತಿಗೆ ಎಲ್ಲರ ಲೆಕ್ಕ ಹತ್ತಿರ ಬರುತ್ತಾ ಹೋಯಿತು. ಆಮೇಲೆ ಮತ್ತೆ ಒಬ್ಬೊಬ್ಬರನ್ನೇ ಕೂರಿಸಿದರೂ ಗುಂಪಿನ ಲೆಕ್ಕವನ್ನೇ ಹೇಳಿದರು. ಅಷ್ಟು ಹೊತ್ತಿಗೆ ಅದು ಅವರದೇ ಅಭಿಪ್ರಾಯ ಆಗಿಬಿಟ್ಟಿತ್ತು.

ಎರಡನೇ ಥರದ್ದು ಹಾಗಲ್ಲ. ಅದು ಬಾಯಿಗೆ ಮಾತ್ರ ಅಂಟುತ್ತದೆ. ಲಿಫ್ಟಿನ ಬಾಗಿಲು ಮುಚ್ಚಿದ ಕೂಡಲೇ ಉದುರಿಹೋಗುತ್ತದೆ.

ನಿಜ ಜೀವನದಲ್ಲಿ ಇವೆರಡೂ ಕಲಸಿಕೊಂಡೇ ಇರುತ್ತವೆ. ರಸ್ತೆಯಲ್ಲಿ ಯಾರೋ ತಲೆಯೆತ್ತಿ ಮೇಲೆ ನೋಡುತ್ತಿದ್ದರೆ ನಾವೂ ನೋಡುತ್ತೇವೆ, ಅಲ್ವಾ? ಸ್ಟಾನ್ಲಿ ಮಿಲ್‌ಗ್ರಾಮ್ ಮತ್ತು ಜೊತೆಯವರು ನ್ಯೂಯಾರ್ಕಿನ 42ನೇ ಬೀದಿಯಲ್ಲಿ ಇದನ್ನೇ ಮಾಡಿಸಿದರು. ಒಬ್ಬ ನಿಂತು ಎದುರಿನ ಕಟ್ಟಡದ ಆರನೇ ಮಹಡಿಯ ಕಿಟಕಿ ನೋಡಿದಾಗ ಅಲ್ಲಿ ಹಾದುಹೋಗುವವರಲ್ಲಿ ನೂರಕ್ಕೆ 4 ಜನ ತಾವೂ ನಿಂತರು. 15 ಜನ ನಿಂತು ನೋಡಿದಾಗ ನೂರಕ್ಕೆ 40 ಜನ ನಿಂತರು. ನಿಲ್ಲದೆ ಹೋಗುತ್ತಾ ಕತ್ತೆತ್ತಿ ನೋಡಿದವರನ್ನೂ ಸೇರಿಸಿದರೆ 86 ಜನ. ಇದು 1969ರಲ್ಲಿ ಪ್ರಕಟವಾದ ಲೆಕ್ಕ. 'ಜನ ಮರುಳೋ ಜಾತ್ರೆ ಮರುಳೋ' ಅನ್ನುವ ಪ್ರಶ್ನೆಗೆ ಅಂಕಿ ಹಾಕಿದಂತಿದೆ.

ಯಾರಿಗೂ ಬೇಡದ ಊರಿಗೆ ಎಲ್ಲರೂ ಹೊರಟರು

ನಮ್ಮ ಬೆಂಚಿನ ಕಥೆ ಮಾತ್ರ ಆ್ಯಶ್ ಕೋಣೆಗಿಂತ ಒಂದು ಹೆಜ್ಜೆ ಮುಂದಿದೆ. ಅಲ್ಲಿ ಉಳಿದವರು ಬೇಕಂತಲೇ ತಪ್ಪು ಹೇಳುತ್ತಿದ್ದರು. ನಮ್ಮಲ್ಲಿ ಯಾರೂ ಯಾರ ಕಡೆಯವರೂ ಆಗಿರಲಿಲ್ಲ. ಹಾಗಿದ್ದರೂ ಅರ್ಧಕ್ಕರ್ಧ ಜನಕ್ಕೆ ಬೇಡದ ನಿರ್ಧಾರ ಹೇಗೆ ಪಾಸಾಯಿತು?

ಇದಕ್ಕೊಂದು ಪ್ರಸಿದ್ಧ ಕಥೆ ಇದೆ. ಅಮೆರಿಕದ ಟೆಕ್ಸಸ್ ರಾಜ್ಯ, ಕೋಲ್ಮನ್ ಅನ್ನುವ ಪುಟ್ಟ ಊರು, ಜುಲೈ ತಿಂಗಳು, ನಲವತ್ತು ಡಿಗ್ರಿ ಬಿಸಿಲು. ಜೆರಿ ಹಾರ್ವೆ ಅನ್ನುವವರು ಹೆಂಡತಿಯ ತವರಿನಲ್ಲಿ ಫ್ಯಾನ್ ಹಾಕಿಕೊಂಡು ತಣ್ಣಗೆ ನಿಂಬೆ ಪಾನಕ ಕುಡಿಯುತ್ತ ಡಾಮಿನೋ ಆಡುತ್ತಿದ್ದರು. "ಅಬಿಲೀನ್‌ಗೆ ಹೋಗಿ ಊಟ ಮಾಡ್ಕೊಂಡು ಬರೋಣ್ವಾ?" ಅಂದರು ಮಾವ. ಅಬಿಲೀನ್ ಅಲ್ಲಿಂದ 85 ಕಿಲೋಮೀಟರ್. ಕಾರಿನಲ್ಲಿ ಎಸಿ ಇಲ್ಲ. ಹೆಂಡತಿ "ಒಳ್ಳೇ ಐಡಿಯಾ" ಅಂದರು. ಹಾರ್ವೆ ಮನಸ್ಸಿನಲ್ಲೇ ಬೈದುಕೊಂಡು "ಅತ್ತೆಗೆ ಓಕೆ ಆದ್ರೆ ನಂಗೂ ಓಕೆ" ಅಂದರು. ಅತ್ತೆ "ಓ, ಹೋಗೋಣ" ಅಂದರು. ಧೂಳು ಕುಡಿದು, ರುಚಿಯಿಲ್ಲದ ಊಟ ಮಾಡಿ, ನಾಲ್ಕು ಗಂಟೆ ಬಿಟ್ಟು ಬೆವರು ಸುರಿಸುತ್ತ ವಾಪಸ್ ಬಂದ ಮೇಲೆ ಗೊತ್ತಾಯಿತು, ಒಬ್ಬರಿಗೂ ಹೋಗುವ ಮನಸ್ಸಿರಲಿಲ್ಲ. ಮಾವನಿಗೂ ಇರಲಿಲ್ಲ. ಮಗಳು ಅಳಿಯ ಬೇಜಾರಾಗಿರಬಹುದು ಅಂತ ಸುಮ್ನೆ ಕೇಳಿದ್ದರಂತೆ. ಹಾರ್ವೆ ಮ್ಯಾನೇಜ್‌ಮೆಂಟ್ ಮೇಷ್ಟರು. 1974ರಲ್ಲಿ ಇದನ್ನು ಬರೆದರು. ಯಾರಿಗೂ ಬೇಡದ ನಿರ್ಧಾರವನ್ನು ಎಲ್ಲರೂ ಸೇರಿ ತೆಗೆದುಕೊಳ್ಳುವುದಕ್ಕೆ ಅಂದಿನಿಂದ ಅಬಿಲೀನ್ ಹೆಸರೇ ಅಂಟಿಕೊಂಡಿದೆ.

ಇದರ ಹಿಂದಿನ ಯಂತ್ರ ಹೀಗೆ ಕೆಲಸ ಮಾಡುತ್ತದೆ. ನನ್ನ ಮೌನಕ್ಕೆ ಕಾರಣ ಏನು ಅಂತ ನನಗೆ ಗೊತ್ತು, ಸಂಕೋಚ. ಆದರೆ ನಿಮ್ಮ ಮೌನವನ್ನು ನಾನು ಒಪ್ಪಿಗೆ ಅಂತ ಓದುತ್ತೇನೆ. ನೀವೂ ನನ್ನದನ್ನು ಹಾಗೇ ಓದುತ್ತೀರಿ. ಕ್ಲಾಸಿನಲ್ಲಿ ಮೇಷ್ಟರು "ಅರ್ಥ ಆಯ್ತಾ?" ಅಂತ ಕೇಳಿದಾಗ ಆಗುವುದೂ ಇದೇ. ಯಾರೂ ಕೈ ಎತ್ತುವುದಿಲ್ಲ. ಉಳಿದವರಿಗೆಲ್ಲ ಅರ್ಥವಾಗಿದೆ, ನಾನೊಬ್ಬನೇ ದಡ್ಡ ಅಂತ ನಲವತ್ತು ಹುಡುಗರೂ ಒಬ್ಬೊಬ್ಬರೇ ಅಂದುಕೊಳ್ಳುತ್ತಾರೆ. "ಆಯ್ತು ಸಾರ್" ಅಂತ ಒಂದೇ ಸ್ವರದಲ್ಲಿ ಹೇಳುತ್ತಾರೆ.

ಕೆಲವೊಮ್ಮೆ ಇದು ಬೆಂಚು, ಊಟಕ್ಕಿಂತ ದೊಡ್ಡ ವಿಷಯದಲ್ಲಿ ಆಗುತ್ತದೆ. 1968ರಲ್ಲಿ ಬಿಬ್ ಲಟಾನೆ ಮತ್ತು ಜಾನ್ ಡಾರ್ಲಿ ಒಂದು ಕೋಣೆಯಲ್ಲಿ ಯುವಕರನ್ನು ಫಾರ್ಮ್ ತುಂಬಲು ಕೂರಿಸಿ, ಗೋಡೆಯ ಕಿಂಡಿಯಿಂದ ಹೊಗೆ ಬಿಟ್ಟರು. ಒಬ್ಬನೇ ಇದ್ದಾಗ ನೂರಕ್ಕೆ 75 ಜನ ಹೊರಗೆ ಹೋಗಿ ತಿಳಿಸಿದರು. ಪಕ್ಕದಲ್ಲಿ ಇಬ್ಬರು ಏನೂ ಆಗಿಲ್ಲವೆಂಬಂತೆ ಕೂತಿದ್ದಾಗ ತಿಳಿಸಿದವರು ನೂರಕ್ಕೆ 10 ಮಾತ್ರ. ಉಳಿದವರು ಕೆಮ್ಮುತ್ತ, ಕಣ್ಣುಜ್ಜುತ್ತ ಫಾರ್ಮ್ ತುಂಬಿದರು.

ರೈಲಿನಲ್ಲಿ ಎದುರು ಸೀಟಿನವರು

ಜರ್ಮನಿಯ ಎಲಿಜಬೆತ್ ನೋಯೆಲ್-ನಾಯ್ಮನ್ ಜನಾಭಿಪ್ರಾಯ ಸಮೀಕ್ಷೆ ಮಾಡುತ್ತಿದ್ದವರು. ಅವರ ಪ್ರಶ್ನೆಯೊಂದು ನನಗೆ ಬಹಳ ಇಷ್ಟ. ಐದು ಗಂಟೆಯ ರೈಲು ಪ್ರಯಾಣ. ಎದುರು ಕೂತವರು ಒಂದು ವಿವಾದದ ವಿಷಯ ಎತ್ತಿ ಒಂದು ಪಕ್ಷ ವಹಿಸಿ ಮಾತು ಶುರುಮಾಡುತ್ತಾರೆ. ನೀವು ಮಾತಿಗಿಳಿಯುತ್ತೀರಾ, ಕಿಟಕಿ ಕಡೆ ತಿರುಗುತ್ತೀರಾ?

ಬೆಂಗಳೂರಿನಿಂದ ಹುಬ್ಬಳ್ಳಿಗೆ ಹಗಲು ರೈಲಿನಲ್ಲಿ ಹೋದವರಿಗೆ ಈ ಪ್ರಶ್ನೆ ಬಿಡಿಸಿ ಹೇಳಬೇಕಾಗಿಲ್ಲ. ತುಮಕೂರು ದಾಟುವ ಮುಂಚೆಯೇ ಯಾರೋ ರಾಜಕೀಯ ಶುರುಮಾಡಿರುತ್ತಾರೆ. ಅರಸೀಕೆರೆ ಹೊತ್ತಿಗೆ ಆ ಬೋಗಿಯಲ್ಲಿ ಯಾವ ಅಭಿಪ್ರಾಯಕ್ಕೆ ಬೆಲೆ ಜಾಸ್ತಿ ಅಂತ ಎಲ್ಲರಿಗೂ ಗೊತ್ತಾಗಿರುತ್ತದೆ. ಬೇರೆ ಅಭಿಪ್ರಾಯದವರು ಮೊಬೈಲ್ ನೋಡುತ್ತಿರುತ್ತಾರೆ.

1974ರಲ್ಲಿ ಅವರು ಮುಂದಿಟ್ಟ ವಿವರಣೆ ಇಷ್ಟು. ಮನುಷ್ಯರಿಗೆ ಒಂಟಿಯಾಗುವ ಭಯ ಇದೆ. ಯಾವ ಅಭಿಪ್ರಾಯ ಗೆಲ್ಲುತ್ತಿದೆ ಅಂತ ಅಳೆಯುವ ಒಂದು ಒಳಗಿನ ಮೀಟರೂ ಇದೆ. ತಮ್ಮದು ಸೋಲುತ್ತಿದೆ ಅನ್ನಿಸಿದವರು ಮಾತು ಕಡಿಮೆ ಮಾಡುತ್ತಾರೆ. ಅವರು ಕಡಿಮೆ ಮಾತಾಡಿದಷ್ಟೂ ಆ ಅಭಿಪ್ರಾಯದವರು ಇನ್ನೂ ಕಡಿಮೆ ಇದ್ದಾರೆ ಅಂತ ಕಾಣುತ್ತದೆ. ಅದನ್ನು ನೋಡಿ ಇನ್ನಷ್ಟು ಜನ ಸುಮ್ಮನಾಗುತ್ತಾರೆ. ಇದಕ್ಕೆ ಮೌನದ ಸುರುಳಿ ಅಂತ ಹೆಸರಿಟ್ಟರು. ಎಲ್ಲ ಕಡೆಯೂ ಇದು ಇಷ್ಟೇ ಬಲವಾಗಿ ನಡೆಯುವುದಿಲ್ಲ ಅಂತ ಆಮೇಲಿನವರು ವಾದ ಮಾಡಿದ್ದಾರೆ. ಆದರೆ ಕುಟುಂಬದ ವಾಟ್ಸಾಪ್ ಗ್ರೂಪ್ ಇರುವವರಿಗೆ ಈ ಸುರುಳಿ ಹೇಗಿರುತ್ತದೆ ಅಂತ ಗೊತ್ತು. ಅರವತ್ತು ಜನರ ಗ್ರೂಪಿನಲ್ಲಿ ಐದು ಜನ ಬರೆಯುತ್ತಾರೆ. ಆ ಐದು ಜನರ ಅಭಿಪ್ರಾಯವೇ 'ನಮ್ಮ ಮನೆತನದ ಅಭಿಪ್ರಾಯ' ಆಗಿಬಿಡುತ್ತದೆ.

ಮೊಬೈಲಿನಲ್ಲಿ ಇನ್ನೂ ಒಂದು ಸಂಗತಿ ಸೇರಿಕೊಂಡಿದೆ. ಮೀಟಿಂಗಿನಲ್ಲಿ ಕೈ ಎಣಿಸಬೇಕಿತ್ತು, ಇಲ್ಲಿ ಎಣಿಸಿಯೇ ಕೊಡುತ್ತಾರೆ. 2006ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಹೆಸರು ಕೇಳದ ತಂಡಗಳ 48 ಹಾಡುಗಳನ್ನು 14,000ಕ್ಕೂ ಜಾಸ್ತಿ ಜನರ ಮುಂದಿಟ್ಟರು. ಜನರನ್ನು ಎಂಟು ಬೇರೆ ಬೇರೆ ಗುಂಪು ಮಾಡಿ, ಆಯಾ ಗುಂಪಿನಲ್ಲಿ ಎಷ್ಟು ಜನ ಡೌನ್‌ಲೋಡ್ ಮಾಡಿದರು ಅಂತ ಮಾತ್ರ ತೋರಿಸಿದರು. ಒಂದು ಗುಂಪಿನಲ್ಲಿ ಮೊದಲ ಸ್ಥಾನಕ್ಕೆ ಬಂದ ಹಾಡು ಇನ್ನೊಂದರಲ್ಲಿ ನಲವತ್ತನೇ ಸ್ಥಾನದಲ್ಲಿತ್ತು. ಹಾಡು ಅದೇ.

ಹಾಗಾದರೆ 'ನಾನು' ಎಲ್ಲಿ?

ಇಷ್ಟು ಓದುವಾಗ ನಿಮಗೆ ಯಾರ್ಯಾರೋ ನೆನಪಾಗಿರುತ್ತಾರೆ. ಭಾವ, ಪಕ್ಕದ ಸೀಟಿನ ಸಹೋದ್ಯೋಗಿ, ಟಿವಿ ನೋಡಿ ಅದೇ ಮಾತಾಡುವ ಅಂಕಲ್. ನಿಮ್ಮ ಮುಖ ನೆನಪಾಗಿರುವುದು ಕಡಿಮೆ. ಇದೂ ಅಳತೆಗೆ ಸಿಕ್ಕಿರುವ ಸಂಗತಿಯೇ. ಬೇರೆಯವರು ಗುಂಪಿಗೆ ಬಗ್ಗುತ್ತಾರೆ, ನಾನು ಯೋಚನೆ ಮಾಡಿ ನಿರ್ಧಾರ ಮಾಡುತ್ತೇನೆ ಅಂತ ಹೆಚ್ಚಿನವರು ಅಂದುಕೊಳ್ಳುತ್ತಾರೆ. ಕಾರಣ ಸುಲಭ. ನಮ್ಮ ತಲೆಯೊಳಗಿನ ಯೋಚನೆ ನಮಗೆ ಕಾಣುತ್ತದೆ. ಬೇರೆಯವರದು ಕಾಣುವುದಿಲ್ಲ, ಅವರ ಎತ್ತಿದ ಕೈ ಮಾತ್ರ ಕಾಣುತ್ತದೆ.

ಹಾಗಂತ ಮನುಷ್ಯರೆಲ್ಲ ಕುರಿಗಳು ಅಂತ ಷರಾ ಬರೆಯುವುದೂ ತಪ್ಪು. ಆ್ಯಶ್ ಪ್ರಯೋಗವನ್ನು ಜನ ಹೇಳುವಾಗ 36.8ನ್ನು ಮಾತ್ರ ಹೇಳುತ್ತಾರೆ. ಉಳಿದ 63.2 ಏನಾಯಿತು? ಎಲ್ಲರೂ ಬೇರೆ ಹೇಳುತ್ತಿದ್ದರೂ ಮೂರರಲ್ಲಿ ಸುಮಾರು ಎರಡು ಉತ್ತರ ಸರಿಯಾಗಿಯೇ ಇದ್ದವು. ನನಗೆ ಇದೇ ದೊಡ್ಡ ಸುದ್ದಿ ಅನ್ನಿಸುತ್ತದೆ.

ಊರು, ಕಾಲ ಬದಲಾದರೆ ಈ ಪ್ರಮಾಣವೂ ಬದಲಾಗುತ್ತದೆ. ರಾಡ್ ಬಾಂಡ್ ಮತ್ತು ಪೀಟರ್ ಸ್ಮಿತ್ 1996ರಲ್ಲಿ 17 ದೇಶಗಳಲ್ಲಿ ನಡೆದ ಇಂಥ 133 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಅಮೆರಿಕದಲ್ಲಿ 1950ರ ದಶಕದಿಂದ ಬಗ್ಗುವುದು ಕಡಿಮೆಯಾಗುತ್ತಾ ಬಂದಿತ್ತು. ಮನೆ, ಕುಲ, ಊರು ಮುಖ್ಯ ಅನ್ನುವ ಸಮಾಜಗಳಲ್ಲಿ ಬಗ್ಗುವುದು ಜಾಸ್ತಿ ಇತ್ತು. ಅದನ್ನು ಅಲ್ಲಿಯವರಿಗೆ ಬೆನ್ನೆಲುಬಿಲ್ಲ ಅಂತ ಓದಬೇಕಾಗಿಲ್ಲ. ಎಲ್ಲರ ಮುಂದೆ ಒಬ್ಬರನ್ನು ತಪ್ಪು ಅಂತ ತೋರಿಸದೆ ಇರುವುದು ಅಲ್ಲಿ ಮರ್ಯಾದೆ. ನಮ್ಮಲ್ಲಿ ಹಿರಿಯರು ತಪ್ಪು ಹೇಳಿದಾಗ "ಹೌದೌದು ದೊಡ್ಡಪ್ಪ" ಅಂದು, ಆಮೇಲೆ ಅಡುಗೆಮನೆಯಲ್ಲಿ ಸರಿ ಮಾಡಿಕೊಳ್ಳುವುದಿಲ್ವಾ?

ಇನ್ನು ಗುಂಪು ಯಾವಾಗಲೂ ಗೆಲ್ಲುವುದೂ ಇಲ್ಲ. ಸೆರ್ಜ್ ಮೋಸ್ಕೊವಿಸಿ 1969ರಲ್ಲಿ ಫ್ರಾನ್ಸಿನಲ್ಲಿ ಆ್ಯಶ್ ಆಟವನ್ನು ತಿರುಗಿಸಿ ಹಾಕಿದರು. ಆರು ಜನರಲ್ಲಿ ಇಬ್ಬರು ಮಾತ್ರ ತಮ್ಮ ಕಡೆಯವರು. ನೀಲಿ ಬಣ್ಣದ ಸ್ಲೈಡ್ ತೋರಿಸಿದಾಗಲೆಲ್ಲ ಅವರು ಹಸಿರು ಅನ್ನಬೇಕು. ಇಬ್ಬರೂ ಒಂದು ಸಲವೂ ಮಾತು ಬದಲಿಸದೆ ಹಸಿರು ಅಂದಾಗ, ಉಳಿದ ನಾಲ್ವರ ಉತ್ತರಗಳಲ್ಲಿ ನೂರಕ್ಕೆ ಸುಮಾರು 8 ಹಸಿರಾದವು. ಒಮ್ಮೆ ಹಸಿರು, ಒಮ್ಮೆ ನೀಲಿ ಅಂದಾಗ ಅದು ಒಂದರ ಹತ್ತಿರಕ್ಕೆ ಇಳಿಯಿತು. ಕಡಿಮೆ ಜನ ಇದ್ದಾಗ ಜೋರು ಧ್ವನಿಗಿಂತ ಮಾತು ಬದಲಿಸದೆ ಇರುವುದೇ ಕೆಲಸ ಮಾಡುತ್ತದೆ.

ಜೊತೆಗೊಬ್ಬರು, ಇಲ್ಲವೇ ಒಂದು ಚೀಟಿ

ಆ್ಯಶ್ ಇನ್ನೂ ಎರಡು ಬದಲಾವಣೆ ಮಾಡಿ ನೋಡಿದ್ದರು. ನನಗೆ ಬೆಂಚಿನ ವಿಷಯ ಬಿಡಿಸಿದ್ದು ಇವೇ.

ಒಂದು, ಸಾಲಿನಲ್ಲಿ ಒಬ್ಬನೇ ಒಬ್ಬ ಸರಿಯಾದ ಉತ್ತರ ಹೇಳುವಂತೆ ಮಾಡಿದರು. ಅಷ್ಟಕ್ಕೇ ತಪ್ಪು ಉತ್ತರಗಳು ಕಾಲು ಭಾಗಕ್ಕೆ ಇಳಿದವು. ಆ ಒಬ್ಬ ಸರಿಯಾಗಿ ಹೇಳಲೇಬೇಕು ಅಂತಲೂ ಇಲ್ಲ. ಗುಂಪಿಗಿಂತ ಬೇರೆಯದೇ ತಪ್ಪು ಹೇಳಿದರೂ ಹುಡುಗನಿಗೆ ಧೈರ್ಯ ಬರುತ್ತಿತ್ತು. ಒಮ್ಮತ ಒಡೆದರೆ ಸಾಕಿತ್ತು. ಆದರೆ ಜೊತೆಗಿದ್ದವನು ನಡುವೆ ಗುಂಪಿನ ಕಡೆ ಹೋಗಿಬಿಟ್ಟರೆ, ಹುಡುಗ ಮತ್ತೆ ಹಳೆಯ ಮಟ್ಟಕ್ಕೇ ಬಗ್ಗುತ್ತಿದ್ದ.

ಎರಡು, ಉತ್ತರವನ್ನು ಜೋರಾಗಿ ಹೇಳುವ ಬದಲು ಚೀಟಿಯಲ್ಲಿ ಬರೆಯಲು ಬಿಟ್ಟರು. ಆಗಲೂ ತಪ್ಪು ಉತ್ತರ ತುಂಬಾ ಕಡಿಮೆಯಾಯಿತು.

ಚೀಟಿಯ ಗುಟ್ಟು ಆ್ಯಶ್‌ಗಿಂತ ನೂರು ವರ್ಷ ಹಿಂದೆಯೇ ಚುನಾವಣೆ ನಡೆಸುವವರಿಗೆ ಹೊಳೆದಿತ್ತು. ಬ್ರಿಟನ್‌ನಲ್ಲಿ 1872ರವರೆಗೆ ಮತದಾರ ಎಲ್ಲರೆದುರು ತನ್ನ ಮತ ಹೇಳಬೇಕಿತ್ತು. ಜಮೀನ್ದಾರ ಎದುರಿಗೇ ನಿಂತಿರುತ್ತಿದ್ದ. ಸರ್ಕಾರವೇ ಅಚ್ಚು ಹಾಕಿದ ಮತಪತ್ರದ ಮೇಲೆ ಗುಟ್ಟಾಗಿ ಮತ ಹಾಕುವ ಪದ್ಧತಿ ಆಸ್ಟ್ರೇಲಿಯಾದಲ್ಲಿ 1856ರಲ್ಲಿ ಬಂತು. ನಾವು ರಟ್ಟಿನ ಮರೆಯಲ್ಲಿ ನಿಂತು ಬಟನ್ ಒತ್ತುವುದು ಅದೇ ಸಾಲಿನದು. ಬೇಕಂತಲೇ ಇದನ್ನು ಉಲ್ಟಾ ಮಾಡಿದ್ದೂ ನಮ್ಮಲ್ಲಿದೆ. ರಾಜ್ಯಸಭೆ ಚುನಾವಣೆಯಲ್ಲಿ ಪಕ್ಷದ ಶಾಸಕರು ಗುರುತು ಹಾಕಿದ ಮತಪತ್ರವನ್ನು ತಮ್ಮ ಪಕ್ಷದ ಏಜೆಂಟರಿಗೆ ತೋರಿಸಿಯೇ ಪೆಟ್ಟಿಗೆಗೆ ಹಾಕಬೇಕು. 2003ರಲ್ಲಿ ಕಾನೂನು ತಿದ್ದಿ ಹೀಗೆ ಮಾಡಿದರು. ಅಡ್ಡಮತ ತಪ್ಪಿಸುವುದು ಉದ್ದೇಶ. ಎಲ್ಲರೆದುರು ಅಂದರೆ ಬಗ್ಗಲಿ ಅಂತ, ಗುಟ್ಟಾಗಿ ಅಂದರೆ ಬಗ್ಗದಿರಲಿ ಅಂತ. ಎರಡೂ ಕಡೆ ಲೆಕ್ಕ ಒಂದೇ.

ಮಾತಿನ ಸರದಿ ಯಾರಿಂದ ಶುರುವಾಗುತ್ತದೆ ಅನ್ನುವುದೂ ಮುಖ್ಯ. ಹಳೆಯ ಯಹೂದಿ ನ್ಯಾಯಸಭೆಯಲ್ಲಿ ಮರಣದಂಡನೆಯ ವಿಚಾರ ಬಂದಾಗ ಕಿರಿಯ ನ್ಯಾಯಾಧೀಶರು ಮೊದಲು ಅಭಿಪ್ರಾಯ ಹೇಳಬೇಕೆಂಬ ನಿಯಮವಿತ್ತು. ಹಿರಿಯರು ಮೊದಲು ಬಾಯಿ ತೆಗೆದರೆ ಕಿರಿಯರು ಎದುರಾಡುವುದಿಲ್ಲ ಅಂತ. ನಮ್ಮ ಮನೆಗಳಲ್ಲಿ ಸರದಿ ಯಾವ ಕಡೆಯಿಂದ ಶುರುವಾಗುತ್ತದೆ ಅಂತ ನಿಮಗೇ ಗೊತ್ತು.

ಮೊನ್ನೆ ಕಟ್ಟಡಕ್ಕೆ ಬಣ್ಣ ಹೊಡೆಸುವ ಮಾತು ಬಂತು. ಈ ಸಲ ಕೈ ಎತ್ತಿಸುವುದು ಬೇಡ, ಚೀಟಿ ಹಾಕಿಸೋಣ ಅಂತ ನಾನೇ ಕೇಳಿಕೊಂಡೆ. ಅಧ್ಯಕ್ಷರು ಒಂದು ವಾರದಿಂದ ಹೇಳಿಕೊಂಡು ಬಂದಿದ್ದ ಹಳದಿ ಬಣ್ಣಕ್ಕೆ ಇಪ್ಪತ್ತೆರಡು ಮನೆಗಳಿಂದ ಬಿದ್ದದ್ದು ಮೂರು ವೋಟು. ಪುಣ್ಯಕ್ಕೆ ಅವರೂ ನಕ್ಕರು.

ಅವತ್ತು ಮೀಟಿಂಗ್ ಮುಗಿದ ಮೇಲೆ ಮೂರನೇ ಮಹಡಿಯ ಆಂಟಿಯನ್ನು ಕೇಳಿದೆ. "ಆಂಟಿ, ಬೆಂಚಲ್ಲಿ ದಿನಾ ಕೂರ್ತಿದ್ದವರು ನೀವು. ಅವತ್ತು ನೀವ್ಯಾಕೆ ಕೈ ಎತ್ತಿದ್ರಿ?"

"ನಾನು ಎತ್ತಬಾರದು ಅಂತಲೇ ಇದ್ದೆ ಕಣಪ್ಪ" ಅಂದರು. "ನೀನಾದ್ರೂ ಸುಮ್ನೆ ಕೂತಿರ್ತೀಯ ಅಂದ್ಕೊಂಡು ನಿನ್ನೇ ನೋಡ್ತಿದ್ದೆ. ನಿನ್ ಕೈನೂ ಮೇಲೆ ಹೋಯ್ತಲ್ಲ."

ಬೆಂಚಿದ್ದ ಜಾಗದಲ್ಲಿ ಈಗ ಎರಡು ಕ್ರೋಟನ್ ಕುಂಡಗಳಿವೆ. ಆಂಟಿ ವಾಕಿಂಗ್ ಮುಗಿಸಿ ಬಂದು, ಕಾಂಪೌಂಡ್ ಗೋಡೆಗೆ ಕೈ ಊರಿ, ಉಸಿರು ಸರಿಯಾಗುವವರೆಗೆ ನಿಂತಿರುತ್ತಾರೆ.